ಬೀಟ್‌ರೂಟ್ ಮೊಟ್ಟೆಯ ಕೆಂಪು ಉಂಗುರ

ಮಗಳ ಬಾಣಂತನಕ್ಕೆಂದು ಅಮೆರಿಕದ ಪೆನ್ಸಿಲ್ವೇನಿಯಕ್ಕೆ ಹೋಗಿರುವ ಓದುಗರೊಬ್ಬರು ಒಂದು ಫೋಟೊ ಕಳಿಸಿದ್ದಾರೆ. ಗಾಜಿನ ಭರಣಿಯ ತುಂಬ ಸುಲಿದ ಮೊಟ್ಟೆಗಳು. ಒಂದೊಂದೂ ಕಡು ಗುಲಾಬಿ, ಮದುವೆ ಮನೆಯ ರೇಷ್ಮೆ ಸೀರೆಯ ಹಾಗೆ. ಪಕ್ಕದ ಮನೆಯ ಅಜ್ಜಿ ಕೊಟ್ಟಿದ್ದಂತೆ. ‘ಇದಕ್ಕೆ ಕೆಮಿಕಲ್ ಬಣ್ಣ ಹಾಕಿರ್ತಾರಾ? ಬೀಟ್‌ರೂಟೇ ಆದರೆ ಬಾಣಂತಿಗೆ ಕೊಟ್ಟರೆ ರಕ್ತ ಬೇಗ ಆಗುತ್ತಲ್ವಾ?’ ಎಂದು ಕೇಳಿದ್ದಾರೆ. ಕೊನೆಯಲ್ಲಿ ಒಂದು ಗೊಣಗಾಟವೂ ಇದೆ: ಮಗು ಮನೆಗೆ ಬಂದ ದಿನ ಆರತಿ ಎತ್ತೋಣವೆಂದರೆ ಆ ಊರಲ್ಲಿ ಎಲೆಗೆ ಹಚ್ಚುವ ಸುಣ್ಣ ಸಿಗಲಿಲ್ಲವಂತೆ.

ಮೊದಲ ಪ್ರಶ್ನೆಗೆ ಉತ್ತರ ಸುಲಭ. ಅದು ಆ ಸೀಮೆಯ ಉಪ್ಪಿನಕಾಯಿ. ಪೆನ್ಸಿಲ್ವೇನಿಯ ಡಚ್ಚರೆಂದು ಕರೆಸಿಕೊಳ್ಳುವವರ ಮನೆಯಡುಗೆ. ಹೆಸರು ಡಚ್ಚರಾದರೂ ಮೂಲದಲ್ಲಿ ಅವರು ಜರ್ಮನ್ ಮಾತಾಡುತ್ತಿದ್ದ ವಲಸಿಗರು. ಹಿಂದೆ ಇಂಗ್ಲಿಷಿನವರು ಜರ್ಮನರನ್ನೂ ಡಚ್ಚರೆಂದೇ ಕರೆಯುತ್ತಿದ್ದರು. ಬೀಟ್‌ರೂಟ್ ಬೇಯಿಸಿದ ನೀರಿಗೆ ವಿನೆಗರ್, ಸಕ್ಕರೆ, ಉಪ್ಪು, ಲವಂಗ, ಚಕ್ಕೆ ಹಾಕಿ ಕುದಿಸಬೇಕು. ಗಟ್ಟಿಯಾಗಿ ಬೇಯಿಸಿ ಸುಲಿದ ಮೊಟ್ಟೆಗಳನ್ನು ಅದರಲ್ಲಿ ಮುಳುಗಿಸಿ ಫ್ರಿಜ್ಜಿನಲ್ಲಿಟ್ಟರೆ ಆಯಿತು.

ಎರಡನೆಯದಕ್ಕೆ ಸ್ವಲ್ಪ ಗದರಿಕೊಳ್ಳಬೇಕಾಗಿದೆ. ಕೆಂಪಗಿದ್ದದ್ದೆಲ್ಲ ರಕ್ತವಾಗುತ್ತದೆ ಎಂಬ ನಂಬಿಕೆ ನಮ್ಮ ಅಡುಗೆಮನೆಗಳಲ್ಲಿ ಎಷ್ಟು ಗಟ್ಟಿಯಾಗಿದೆಯೆಂದರೆ, ಡಿಗ್ರಿ ಓದಿದವರೂ ಬೀಟ್‌ರೂಟ್ ರಸವನ್ನು ಮೂಗು ಹಿಡಿದು ಕುಡಿಯುತ್ತಾರೆ. 100 ಗ್ರಾಂ ಬೀಟ್‌ರೂಟಿನಲ್ಲಿ ಕಬ್ಬಿಣ ಒಂದು ಮಿಲಿಗ್ರಾಂ ಕೂಡ ಇಲ್ಲ. ಅಷ್ಟೇ ತೂಕದ ರಾಗಿಯಲ್ಲಿ ನಾಲ್ಕು ಮಿಲಿಗ್ರಾಂ ಆಸುಪಾಸು ಇದೆ, ಅದರ ಬಣ್ಣವೋ ಮಣ್ಣಿನದು! ರಕ್ತದ ಕೆಂಪಿನ ನಡುವೆ ಕಬ್ಬಿಣದ ಅಣುವೊಂದು ಕೂತಿರುತ್ತದೆ. ಬೀಟ್‌ರೂಟಿನ ಕೆಂಪಿನಲ್ಲಿ ಅದರ ಸುಳಿವೇ ಇಲ್ಲ. ಆ ಕೆಂಪು ಮೈಗೆ ಹತ್ತುವುದೂ ಇಲ್ಲ. ನೂರರಲ್ಲಿ ಹತ್ತು ಹದಿನಾಲ್ಕು ಮಂದಿಗೆ ಬೀಟ್‌ರೂಟ್ ತಿಂದ ಮೇಲೆ ಮೂತ್ರ ಕೆಂಪಗಾಗುತ್ತದೆ. ಅದನ್ನು ಕಂಡು ಗಾಬರಿಯಾಗಿ ಬೆಳಗಾಗುವ ಮೊದಲೇ ಡಾಕ್ಟರ ಬಾಗಿಲು ತಟ್ಟಿದವರೊಬ್ಬರನ್ನು ನಾನೇ ಬಲ್ಲೆ. ಹಿಂದಿನ ರಾತ್ರಿ ಮನೆಯಲ್ಲಿ ಆದದ್ದು ಬೀಟ್‌ರೂಟ್ ಪಲ್ಯ.

ಹಾಗಾದರೆ ಆ ಕೆಂಪು ಏನು? ನನಗೆ ಖುಷಿ ಕೊಡುವ ಸಂಗತಿ ಇರುವುದು ಇಲ್ಲೇ. ಗಿಡಗಳ ಕೆಂಪು, ನೇರಳೆ, ನೀಲಿಗಳಿಗೆ ಬಹುಪಾಲು ಕಾರಣ ಆಂಥೋಸಯನಿನ್ ಎಂಬ ಬಣ್ಣಗಳ ಕುಟುಂಬ. ದಾಸವಾಳ, ನೇರಳೆಹಣ್ಣು, ಬದನೆಯ ಸಿಪ್ಪೆ, ಪುನರ್ಪುಳಿ, ಶಂಖಪುಷ್ಪ ಎಲ್ಲ ಆ ಪಂಗಡದವು. ಬೀಟ್‌ರೂಟಿನದೂ ಅದೇ ಜಾತಿ, ಸ್ವಲ್ಪ ಬೇರೆ ಅಷ್ಟೆ ಎಂದು ರಸಾಯನ ವಿಜ್ಞಾನಿಗಳು ಬಹುಕಾಲ ಅಂದುಕೊಂಡಿದ್ದರು. 1960ರ ದಶಕದಲ್ಲಿ ಜ್ಯೂರಿಕ್‌ನ ಸಂಶೋಧಕರು ಅದರ ರಚನೆ ಬಿಡಿಸಿ ನೋಡಿದರೆ, ನಂಟೇ ಇಲ್ಲ! ಒಳಗೆ ಸಾರಜನಕ ಇಟ್ಟುಕೊಂಡ ಬೇರೆಯೇ ಮನೆತನ. 1968ರಲ್ಲಿ ಅದಕ್ಕೆ ಬೀಟಲೈನ್ ಎಂದು ಹೆಸರಾಯಿತು.

ಈ ಮನೆತನದ ಬಳಗ ನಮ್ಮ ಹಿತ್ತಲಲ್ಲೇ ಇದೆ. ಕೆಂಪು ಹರಿವೆ, ಕೆಂಪು ದಂಟಿನ ಬಸಳೆ, ಬೇಲಿಯ ಪಾಪಸುಕಳ್ಳಿ ಹಣ್ಣು, ಕಾಂಪೌಂಡಿನ ಮೇಲೆ ಚೆಲ್ಲಿಕೊಂಡ ಕಾಗದದ ಹೂ, ಎಲ್ಲವೂ ಬೀಟ್‌ರೂಟಿನ ದೂರದ ದಾಯಾದಿಗಳು. ಚಿಕ್ಕಂದಿನಲ್ಲಿ ಬಸಳೆಯ ಹಣ್ಣು ಹಿಂಡಿ ಶಾಯಿ ಮಾಡಿ, ಅಂಗಿಯ ತೋಳಿಗೆಲ್ಲ ಮೆತ್ತಿಕೊಂಡು ಬೈಸಿಕೊಂಡವನು ನಾನು. ಆ ಶಾಯಿ ಈ ಮೊಟ್ಟೆಯ ಬಣ್ಣದ ಅಣ್ಣತಮ್ಮನೆಂದು ಆಗ ಯಾರಿಗೆ ಗೊತ್ತಿತ್ತು!

ಸೋಜಿಗ ಇನ್ನೂ ಇದೆ. ಈ ಎರಡು ಬಣ್ಣದ ಮನೆತನಗಳು ಒಂದೇ ಗಿಡದಲ್ಲಿ ಸಂಸಾರ ಹೂಡಿದ್ದು ಪ್ರಕೃತಿಯಲ್ಲಿ ಇದುವರೆಗೆ ಸಿಕ್ಕಿಲ್ಲ. ಬೀಟಲೈನ್ ಇದ್ದಲ್ಲಿ ಆಂಥೋಸಯನಿನ್ ಇಲ್ಲ, ಅದು ಇದ್ದಲ್ಲಿ ಇದು ಇಲ್ಲ. ಸವತಿಯರೇನೂ ಅಲ್ಲ. ಲ್ಯಾಬಿನಲ್ಲಿ ಟೊಮೆಟೊ, ಬದನೆಗಳಿಗೆ ಬೀಟಲೈನ್ ತಯಾರಿಸುವ ವಂಶವಾಹಿ ಕೂರಿಸಿದಾಗ ಕಾಯಿ ಒಳಗೆಲ್ಲ ಕೆನ್ನೇರಳೆಯಾಯಿತೇ ಹೊರತು ಗಿಡ ಸಾಯಲಿಲ್ಲ. ಮತ್ತೇಕೆ ಹೀಗೆ ಎಂಬ ಜಗಳ ಸಸ್ಯವಿಜ್ಞಾನಿಗಳಲ್ಲಿ ಇನ್ನೂ ಮುಗಿದಿಲ್ಲ.

ಎರಡರ ಸ್ವಭಾವ ನೋಡಲು ಮೊಟ್ಟೆಗಿಂತ ಒಳ್ಳೆಯ ಪರೀಕ್ಷಾ ಕಾಗದ ಇಲ್ಲ. ಏಕೆಂದರೆ ಮೊಟ್ಟೆಯ ಬಿಳಿ ಕ್ಷಾರೀಯ. ಚಿಪ್ಪಿನ ಸಣ್ಣ ರಂಧ್ರಗಳಿಂದ ಇಂಗಾಲದ ಡೈಆಕ್ಸೈಡ್ ಸೋರಿಹೋಗುತ್ತ, ದಿನ ಕಳೆದ ಮೊಟ್ಟೆಯ ಬಿಳಿಯ ಪಿಎಚ್ 9 ದಾಟುತ್ತದೆ. (ಹಳೆಯ ಮೊಟ್ಟೆ ಸುಲಭವಾಗಿ ಸುಲಿಯಲು ಬರುವುದೂ ಇದರಿಂದಲೇ.) ಈ ಪತ್ರದ ನೆಪದಲ್ಲಿ ನಾನೂ ಮೂರು ಭರಣಿ ಇಟ್ಟೆ: ಬೀಟ್‌ರೂಟ್, ರೆಡ್ ಕ್ಯಾಬೇಜ್, ಅರಿಸಿನ. ಕ್ಯಾಬೇಜಿನದು ಆಂಥೋಸಯನಿನ್, ಗೋಸುಂಬೆಯಂಥದ್ದು. ವಿನೆಗರ್ ಹಾಕಿದ ಭರಣಿಯಲ್ಲಿ ಗುಲಾಬಿ ಬಣ್ಣಕ್ಕೆ ತಿರುಗಿತು. ಅದೇ ಕ್ಯಾಬೇಜ್ ನೀರಿಗೆ ವಿನೆಗರ್ ಹಾಕದೆ ಲೋಟದಲ್ಲಿ ಮುಳುಗಿಸಿದ ಮೊಟ್ಟೆ ಬೆಳಗಾಗುವಷ್ಟರಲ್ಲಿ ಆಕಾಶದಂತೆ ನೀಲಿ. ನಮ್ಮ ಮನೆಯವರು ನೋಡಿ, ‘ಇದನ್ನ ಯಾವ ಹಕ್ಕಿ ಇಟ್ಟಿದ್ದು?’ ಎಂದರು. ಬೀಟ್‌ರೂಟಿನ ಕೆಂಪು ಮಾತ್ರ ಹುಳಿಗೆ ಜಗ್ಗುವುದಿಲ್ಲ. ಹರಿವೆ ಸೊಪ್ಪಿನ ಹುಳಿಗೆ ಎಷ್ಟು ಹುಣಸೆ ಹಿಂಡಿದರೂ ಕೆಂಪು ಉಳಿಯುವುದು ಹಾಗೆಯೇ. ಅದಕ್ಕಿರುವ ಭಯ ಬೆಂಕಿಯದು. ಬಹಳ ಹೊತ್ತು ಕುದಿಸಿದರೆ ಕಂದಿಹೋಗುತ್ತದೆ.

ಮೂರು ಭರಣಿಯಲ್ಲೂ ದಿನಕ್ಕೊಂದು ಮೊಟ್ಟೆ ಕೊಯ್ದು ನೋಡಿದೆ. ಅರಿಸಿನದ ಹಳದಿ ನೀರಲ್ಲಿ ಸರಿಯಾಗಿ ಕರಗುವುದೇ ಇಲ್ಲ. ಮೊಟ್ಟೆಯ ಮೈಗೆ ಬಲವಾಗಿ ಅಂಟಿಕೊಂಡು, ಅಲ್ಲೇ ಕೂತಿತು. ಬೀಟ್‌ರೂಟ್ ಮೊಟ್ಟೆಯ ಹೋಳಿನ ಸೊಗಸೇ ಬೇರೆ: ಹೊರಗೆ ಕೆಂಪು ಉಂಗುರ, ಅದರೊಳಗೆ ಬಿಳಿ, ನಡುವೆ ಹಳದಿ ಭಂಡಾರ. ಮೊದಲ ದಿನ ಉಂಗುರ ಅಕ್ಕಿಕಾಳಿನಷ್ಟು ದಪ್ಪ. ಎರಡನೆಯ ದಿನ ಅದರ ಎರಡು ಪಟ್ಟು ಆಗಿರಬೇಕೆಂದು ಕಾದರೆ, ಆಗಿರಲಿಲ್ಲ. ಅಷ್ಟಾಗಲು ನಾಲ್ಕನೆಯ ದಿನವೇ ಬರಬೇಕಾಯಿತು. ಬಣ್ಣದ ಕಣ ಬಾಣದಂತೆ ನೇರ ಒಳಗೆ ನುಗ್ಗುವುದಿಲ್ಲ. ತೇರಿನ ಜಂಗುಳಿಯಲ್ಲಿ ಸಿಕ್ಕವನ ಹಾಗೆ ನಾಲ್ಕು ಹೆಜ್ಜೆ ಮುಂದೆ, ಮೂರು ಹೆಜ್ಜೆ ಹಿಂದೆ, ಪಕ್ಕಕ್ಕೆ ಎರಡು. ಹಾಗಾಗಿ ಎರಡು ಪಟ್ಟು ದೂರಕ್ಕೆ ನಾಲ್ಕು ಪಟ್ಟು ಸಮಯ, ಮೂರು ಪಟ್ಟಿಗೆ ಒಂಬತ್ತು ಪಟ್ಟು.

ಹುಳಿಯೂ ಒಳಗಿಳಿಯುವುದು ಇದೇ ನಡಿಗೆಯಲ್ಲಿ, ಕಣ ಚಿಕ್ಕದಾದ್ದರಿಂದ ಸ್ವಲ್ಪ ಚುರುಕಾಗಿ. ಅವಸರದವರು ಇದನ್ನು ನೆನಪಿಡಬೇಕು. 1997ರಲ್ಲಿ ಅಮೆರಿಕದ ಇಲಿನಾಯ್‌ನಲ್ಲಿ ಒಬ್ಬರು ಬೀಟ್‌ರೂಟ್, ಮೆಣಸಿನಕಾಯಿ, ವಿನೆಗರ್ ಸೇರಿಸಿ ಮೊಟ್ಟೆಯ ಉಪ್ಪಿನಕಾಯಿ ಹಾಕಿದರು. ಮೊಟ್ಟೆಗಳನ್ನು ಟೂತ್‌ಪಿಕ್ಕಿನಿಂದ ಚುಚ್ಚಿ, ಭರಣಿಯನ್ನು ಫ್ರಿಜ್ಜಿನ ಹೊರಗೇ ಇಟ್ಟರು. ಏಳು ದಿನದ ಮೇಲೆ ತಿಂದು ಬಾಟ್ಯುಲಿಸಂ ಎಂಬ ಭೀಕರ ವಿಷಬಾಧೆಗೆ ತುತ್ತಾದರು. ಭರಣಿಯ ನೀರಿನ ಪಿಎಚ್ 3.5 ಇತ್ತು, ಆ ಬ್ಯಾಕ್ಟೀರಿಯ ತಲೆಯೆತ್ತಲಾಗದಷ್ಟು ಹುಳಿ. ಆದರೆ ಮೊಟ್ಟೆಯ ಹಳದಿಗೆ ಹುಳಿ ಮುಟ್ಟುವ ಮೊದಲೇ ಕಡ್ಡಿಯ ತುದಿಯಲ್ಲಿ ರೋಗಾಣು ಅಲ್ಲಿಗೆ ಹೋಗಿರಬೇಕು. ಗಾಳಿಯಿಲ್ಲದ, ಹುಳಿಯಿಲ್ಲದ, ಬೆಚ್ಚನೆಯ ಜಾಗ. ಅದಕ್ಕೆ ಬೇಕಾದದ್ದೂ ಅದೇ. ನಮ್ಮ ಮಾವಿನ ಮಿಡಿಯನ್ನು ಅಟ್ಟದ ಮೇಲಿಟ್ಟರೂ ನಡೆಯುತ್ತದೆ, ಅದು ಒಳಗೂ ಹುಳಿ, ಮೇಲೆ ಮುಷ್ಟಿ ಉಪ್ಪು ಬೇರೆ. ಮೊಟ್ಟೆಗೆ ಆ ಭಾಗ್ಯ ಇಲ್ಲ. ಚುಚ್ಚಬೇಡಿ, ಫ್ರಿಜ್ಜಿನಿಂದ ಹೊರಗಿಡಬೇಡಿ.

ಇಷ್ಟನ್ನೂ ಆ ತಾಯಿಗೆ ಬರೆದೆ. ಪಕ್ಕದ ಮನೆಯ ಅಜ್ಜಿ ಫ್ರಿಜ್ಜಿನಿಂದಲೇ ತೆಗೆದುಕೊಟ್ಟಿದ್ದರೆ ಧಾರಾಳವಾಗಿ ತಿನ್ನಿ, ರುಚಿಗೆ ತಿನ್ನಿ. ರಕ್ತಕ್ಕೆ ಡಾಕ್ಟರು ಬರೆದುಕೊಟ್ಟ ಕಬ್ಬಿಣದ ಮಾತ್ರೆ ಇದೆಯಲ್ಲ ಎಂದೆ. ಸುಣ್ಣದ ವಿಷಯವನ್ನೂ ಬಿಡಲಿಲ್ಲ. ಅರಿಸಿನದ ನೀರು ಕೆಂಪಾಗಲು ಸುಣ್ಣವೇ ಆಗಬೇಕೆಂದಿಲ್ಲ, ಕ್ಷಾರ ಸಾಕು; ಒಂದು ಚಮಚ ಅಡುಗೆ ಸೋಡ ಹಾಕಿ ಕಲಕಿದರೂ ಕೆಂಪಗೆ ತಿರುಗುತ್ತದೆ. ಮರುದಿನವೇ ಫೋಟೊ ಬಂತು: ತಟ್ಟೆಯ ತುಂಬ ಕೆಂಪು ನೀರು, ನಡುವೆ ಒಂದು ಸಣ್ಣ ಬತ್ತಿ. ಕೆಳಗೆ, ‘ಸೋಡದ್ದಾದರೆ ದೃಷ್ಟಿ ಹೋಗುತ್ತಾ ಸಾರ್?’ ಸುಣ್ಣದ್ದರಿಂದ ಎಷ್ಟು ಹೋಗುತ್ತಿತ್ತೋ ಅಷ್ಟೇ ಹೋಗುತ್ತದೆ ಎಂದು ಉತ್ತರಿಸಿದ್ದೇನೆ.