ಮುಳ್ಳು ಸುಳ್ಳಾಡದಂತೆ

ಹಳೆಯ ಕಾರಿಗೆ ಬೇರೆ ಗೇರ್‌ಬಾಕ್ಸ್ ಹಾಕಿಸಿದವರಿಗೆ ಮೊದಲ ದಿನ ಗೊತ್ತಾಗುವುದು ಸದ್ದು ತಗ್ಗಿದ್ದು. ಐದನೇ ಗೇರು ಬಿದ್ದೊಡನೆ ಎಂಜಿನ್ ನಿರಾಳವಾಗುತ್ತದೆ, ಪೆಟ್ರೋಲ್ ಉಳಿಯುತ್ತದೆ, ದೂರದ ಪ್ರಯಾಣ ಹಗುರವಾಗುತ್ತದೆ. ಒಂದೆರಡು ದಿನ ಕಳೆದ ಮೇಲೆ ಕಣ್ಣು ಡ್ಯಾಶ್‌ಬೋರ್ಡಿನ ಮೇಲೆ ನಿಲ್ಲುತ್ತದೆ. ಜೊತೆಗೆ ಬರುತ್ತಿರುವ ಕಾರು ಗಂಟೆಗೆ 60 ಮೈಲಿಯಲ್ಲಿ ಓಡುತ್ತಿದ್ದರೆ, ಅದರ ಸಮಕ್ಕೇ ಓಡುತ್ತಿರುವ ಈ ಕಾರಿನ ಮುಳ್ಳು 52ರ ಹತ್ತಿರ ನಿಂತಿರುತ್ತದೆ. ಗೇರ್‌ಬಾಕ್ಸ್ ಚೆನ್ನಾಗಿದೆ, ಮೀಟರ್ ಕೆಟ್ಟಿಲ್ಲ, ಕೇಬಲ್ ತುಂಡಾಗಿಲ್ಲ. ಆದರೂ ಮೀಟರ್ ತೋರಿಸುವ ವೇಗ ತಪ್ಪು. ಇದನ್ನು ಸರಿಪಡಿಸುವುದು ಒಂದು ಪ್ರತ್ಯೇಕ ಕಸುಬು. ಅದಕ್ಕೆ ಅಳತೆ ಟೇಪು ಬೇಕು, ಗುಣಾಕಾರ ಭಾಗಾಕಾರ ಬೇಕು, ಗಡಿಯಾರ ರಿಪೇರಿಯವರ ಕೈಹದವೂ ಬೇಕು.

ಈ ಕಸುಬನ್ನು ಅರ್ಥಮಾಡಿಕೊಳ್ಳಲು ಬ್ರಿಟನ್ನಿನ ಎಂಜಿಬಿ ಕಾರಿಗಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ. 1962ರಿಂದ 1980ರವರೆಗೆ ಅಬಿಂಗ್ಡನ್ ಊರಿನ ಕಾರ್ಖಾನೆಯಿಂದ ಐದು ಲಕ್ಷಕ್ಕೂ ಹೆಚ್ಚು ಎಂಜಿಬಿಗಳು ಹೊರಬಂದವು. ಅದರ 1798 ಸಿಸಿ ಎಂಜಿನ್ ನಮಗೂ ದೂರದ ನೆಂಟ. ನಮ್ಮ ಅಂಬಾಸಿಡರ್ ಕಾರನ್ನು ದಶಕಗಳ ಕಾಲ ಎಳೆದ 1489 ಸಿಸಿ ಎಂಜಿನ್ ಕೂಡ ಇದೇ ಬಿಎಂಸಿ ‘ಬಿ’ ಸರಣಿಯದು. ಎಂಜಿಬಿಗೆ ಇದ್ದದ್ದು ನಾಲ್ಕು ಗೇರು. ಇಂದಿನ ಹೆದ್ದಾರಿಗಳಲ್ಲಿ ಅದು ಸಾಲದು ಎನ್ನಿಸಿದವರು ಫೋರ್ಡ್ ಸಿಯೆರಾದಲ್ಲಿ ಬರುತ್ತಿದ್ದ ‘ಟೈಪ್ 9’ ಎಂಬ ಐದು ಗೇರಿನ ಪೆಟ್ಟಿಗೆಯನ್ನು ಕೂರಿಸುತ್ತಾರೆ. ಅದಕ್ಕೆ ಬೇಕಾದ ಕಿಟ್‌ಗಳೂ ಸಿದ್ಧವಾಗಿ ಸಿಗುತ್ತವೆ. ಪೆಟ್ಟಿಗೆ ಬದಲಾಯಿಸಿದ ಮೇಲೆ ಸ್ಪೀಡೋಮೀಟರಿನ ಲೆಕ್ಕವನ್ನೂ ಹೊಸದಾಗಿ ಮಾಡಬೇಕಾಗುತ್ತದೆ.

ಮೀಟರಿಗೆ ಗೊತ್ತಿರುವುದು ಸುತ್ತು ಮಾತ್ರ

ಕೇಬಲ್‌ನಿಂದ ನಡೆಯುವ ಸ್ಪೀಡೋಮೀಟರಿಗೆ ವೇಗ ಎಂದರೇನೆಂದೇ ತಿಳಿಯದು. ಅದಕ್ಕೆ ತಿಳಿಯುವುದು ತನ್ನ ಬೆನ್ನಿಗೆ ಬಂದು ಸೇರಿದ ತಂತಿ ಎಷ್ಟು ಸಲ ಸುತ್ತಿತು ಎಂಬುದಷ್ಟೇ. ಒಳಗೆ ಆ ತಂತಿ ಒಂದು ಪುಟ್ಟ ಆಯಸ್ಕಾಂತವನ್ನು ತಿರುಗಿಸುತ್ತದೆ. ಆಯಸ್ಕಾಂತದ ಮೇಲೆ, ಅದಕ್ಕೆ ತಾಗದ ಹಾಗೆ, ತೆಳುವಾದ ಅಲ್ಯೂಮಿನಿಯಂ ಬಟ್ಟಲೊಂದು ಕವುಚಿಕೊಂಡಿರುತ್ತದೆ. ಆಯಸ್ಕಾಂತ ತಿರುಗಿದಾಗ ಬಟ್ಟಲಿನಲ್ಲಿ ವಿದ್ಯುತ್ತಿನ ಸುಳಿಗಳೆದ್ದು ಅದೂ ಆ ಕಡೆಗೇ ಎಳೆಯಲ್ಪಡುತ್ತದೆ. ಕೂದಲೆಳೆಯಷ್ಟು ಸಣ್ಣ ಸ್ಪ್ರಿಂಗ್ ಅದನ್ನು ಹಿಂದಕ್ಕೆ ಜಗ್ಗುತ್ತದೆ. ಎರಡೂ ಸಮವಾದಲ್ಲಿ ಬಟ್ಟಲು ನಿಲ್ಲುತ್ತದೆ, ಅದಕ್ಕೆ ಅಂಟಿಕೊಂಡ ಮುಳ್ಳೂ ನಿಲ್ಲುತ್ತದೆ. ಜರ್ಮನಿಯ ಒಟ್ಟೊ ಶುಲ್ಜ 1902ರಲ್ಲಿ ಪೇಟೆಂಟ್ ಪಡೆದ ಈ ಏರ್ಪಾಡು ಎಲೆಕ್ಟ್ರಾನಿಕ್ ಮೀಟರ್‌ಗಳು ಬರುವವರೆಗೂ ಜಗತ್ತಿನ ಬಹುಪಾಲು ಕಾರುಗಳಲ್ಲಿ ಉಳಿದುಬಂತು.

ಅದೇ ಡಬ್ಬಿಯಲ್ಲಿ ಇನ್ನೊಂದು ಯಂತ್ರವೂ ಇದೆ. ಓಡಿದ ದೂರವನ್ನು ಎಣಿಸುವ ಓಡೋಮೀಟರ್ ಅದು. ಅದರಲ್ಲಿ ಆಯಸ್ಕಾಂತದ ಕೆಲಸವಿಲ್ಲ, ಹಲ್ಲಿಗೆ ಹಲ್ಲು ಕೂಡಿ ನಡೆಯುತ್ತದೆ. ತಂತಿ ಇಷ್ಟು ಸುತ್ತು ಸುತ್ತಿದರೆ ಒಂದು ಮೈಲಿ ಎಂದು ಗೇರುಗಳಲ್ಲೇ ನಿಗದಿಯಾಗಿರುತ್ತದೆ. ಮುಳ್ಳಿನದು ತಕ್ಕಡಿಯ ಕೆಲಸವಾದರೆ ಓಡೋಮೀಟರಿನದು ಎಣಿಕೆಯ ಕೆಲಸ. ಈ ವ್ಯತ್ಯಾಸ ಗೊತ್ತಿಲ್ಲದೆ ಮೀಟರ್ ಬಿಚ್ಚಿದರೆ ಒಂದು ಸರಿಯಾಗಿ ಇನ್ನೊಂದು ತಪ್ಪೇ ಉಳಿಯುತ್ತದೆ.

ತಪ್ಪು ಐದನೇ ಗೇರಿನದಲ್ಲ

ಐದನೇ ಗೇರು ಬಂದದ್ದರಿಂದಲೇ ಮೀಟರ್ ಕೆಟ್ಟಿತೆಂದು ಅನೇಕರು ನಂಬಿರುತ್ತಾರೆ. ಹಾಗಲ್ಲ. ಸ್ಪೀಡೋಮೀಟರ್ ಕೇಬಲ್ ಹೊರಡುವುದು ಗೇರ್‌ಬಾಕ್ಸಿನ ಹಿಂತುದಿಯಿಂದ, ಅಂದರೆ ಗೇರುಗಳ ಆಟವೆಲ್ಲ ಮುಗಿದ ಮೇಲೆ ಚಕ್ರದ ಕಡೆಗೆ ಹೋಗುವ ಶಾಫ್ಟಿನಿಂದ. ಕಾರು ಎರಡನೇ ಗೇರಿನಲ್ಲಿದ್ದರೂ ಐದನೆಯದರಲ್ಲಿದ್ದರೂ ಒಂದು ಮೈಲಿ ಓಡುವಷ್ಟರಲ್ಲಿ ಆ ಶಾಫ್ಟ್ ತಿರುಗುವುದು ಅಷ್ಟೇ ಸುತ್ತು.

ಬದಲಾಗುವುದು ಆ ಶಾಫ್ಟಿನ ಮೇಲಿರುವ ತಿರುಪು ಗೇರು ಮತ್ತು ಅದಕ್ಕೆ ಕೂಡಿಕೊಂಡ ಸಣ್ಣ ಪಿನಿಯನ್. ಒಂದೊಂದು ಕಂಪನಿ ತನ್ನ ಕಾರಿಗೆ, ತನ್ನ ಟೈರಿಗೆ, ತನ್ನ ಮೀಟರಿಗೆ ಹೊಂದುವಂತೆ ಈ ಹಲ್ಲುಗಳ ಸಂಖ್ಯೆಯನ್ನು ಗೊತ್ತುಮಾಡಿರುತ್ತದೆ. ಫೋರ್ಡ್ ಪೆಟ್ಟಿಗೆಯ ಹಲ್ಲುಗಳು ಫೋರ್ಡ್ ಮೀಟರಿಗೆ ಲೆಕ್ಕ ಹಾಕಿ ಮಾಡಿದವು. ಎಂಜಿಬಿಯ ಮೀಟರ್ ಕೇಳುವ ಸುತ್ತೇ ಬೇರೆ. ಹಿಂದಿನ ಆಕ್ಸೆಲಿನ ಕ್ರೌನ್-ಪಿನಿಯನ್ ಅನುಪಾತ ಬದಲಾದರೂ ಲೆಕ್ಕ ತಪ್ಪುತ್ತದೆ, ಟೈರಿನ ಅಳತೆ ಬದಲಾದರೂ ತಪ್ಪುತ್ತದೆ. ಆದ್ದರಿಂದ ಬಲ್ಲವರು ಮೀಟರಿಗೆ ಕೈ ಹಾಕುವ ಮೊದಲು ಇಡೀ ಕಾರನ್ನು ಅಳೆಯುತ್ತಾರೆ.

ಡಯಲ್ ಮೇಲಿನ ಸಣ್ಣ ಅಂಕಿ

ಎಂಜಿಬಿಯ ಮೀಟರ್ ಮಾಡಿದ್ದು ಸ್ಮಿತ್ಸ್ ಕಂಪನಿ. 1851ರಲ್ಲಿ ಲಂಡನ್ನಿನಲ್ಲಿ ಗಡಿಯಾರ ಮತ್ತು ಒಡವೆಗಳ ಅಂಗಡಿಯಾಗಿ ಹುಟ್ಟಿದ ಸಂಸ್ಥೆ ಇದು. ಮೋಟಾರು ಕಾರು ಬಂದ ಮೇಲೆ ಅದರ ಸೂಕ್ಷ್ಮ ಕೆಲಸ ಮೀಟರ್‌ಗಳ ಕಡೆಗೂ ಹರಿಯಿತು. ಸ್ಮಿತ್ಸ್ ಡಯಲನ್ನು ಹತ್ತಿರದಿಂದ ನೋಡಿದರೆ ಕೆಳಗೆ 1280 ಎಂದೋ 1000 ಎಂದೋ ಸಣ್ಣ ಅಂಕಿ ಕಾಣುತ್ತದೆ. ತಂತಿ ಒಂದು ಮೈಲಿಗೆ ಎಷ್ಟು ಸುತ್ತು ಸುತ್ತಬೇಕು ಎಂಬ ಲೆಕ್ಕ ಅದು. ಗಂಟೆಗೆ 60 ಮೈಲಿ ಎಂದರೆ ನಿಮಿಷಕ್ಕೆ ಒಂದು ಮೈಲಿಯಾದ್ದರಿಂದ, 1280ರ ಮೀಟರಿನ ತಂತಿಯನ್ನು ನಿಮಿಷಕ್ಕೆ 1280 ಸುತ್ತು ತಿರುಗಿಸಿದರೆ ಮುಳ್ಳು 60ಕ್ಕೆ ಬರಬೇಕು. ಮೀಟರ್ ರಿಪೇರಿಯವರು ಮೋಟಾರಿಗೆ ಕಟ್ಟಿ ಪರೀಕ್ಷಿಸುವುದು ಈ ಲೆಕ್ಕದಿಂದಲೇ.

ಹೊಸ ಪೆಟ್ಟಿಗೆಯಿಂದ ಎಷ್ಟು ಸುತ್ತು ಬರುತ್ತಿದೆ ಎಂದು ತಿಳಿಯುವುದು ಹೇಗೆ? ಇದಕ್ಕೆ ಬೇಕಾದ್ದು ಸೀಮೆಸುಣ್ಣ, ಟೇಪು, ಒಂದು ಚೂರು ರಟ್ಟು ಮತ್ತು ಕಾರು ತಳ್ಳಲು ಇಬ್ಬರು. ಕೇಬಲನ್ನು ಮೀಟರಿನ ಕಡೆಯಿಂದ ಬಿಚ್ಚಿ, ಒಳತಂತಿಯ ತುದಿಗೆ ಬಾಣದಂತೆ ಕತ್ತರಿಸಿದ ರಟ್ಟನ್ನು ಸಿಕ್ಕಿಸುತ್ತಾರೆ. ಗೇರನ್ನು ನ್ಯೂಟ್ರಲ್‌ನಲ್ಲಿಟ್ಟು, ಮೈಲಿಯ ನೂರನೇ ಒಂದು ಭಾಗ, ಅಂದರೆ 52 ಅಡಿ 9.6 ಇಂಚು, ನೆಲದ ಮೇಲೆ ಗುರುತು ಹಾಕಿ ಕಾರನ್ನು ನೇರವಾಗಿ ತಳ್ಳುತ್ತಾರೆ. ಒಳಗೆ ಕೂತವರು ಬಾಣದ ಸುತ್ತುಗಳನ್ನು ಎಣಿಸುತ್ತಾರೆ. ಬಾಣ 11 ಸುತ್ತು ಬಂದರೆ ಮೈಲಿಗೆ 1100. ಮೀಟರ್ ಕೇಳುವುದು 1280. 1100ನ್ನು 1280ರಿಂದ ಭಾಗಿಸಿದರೆ 0.86. ಅಂದರೆ ನಿಜವಾದ ವೇಗ 60 ಇದ್ದಾಗ ಮುಳ್ಳು ಹತ್ತಿರಹತ್ತಿರ 52 ತೋರಿಸುತ್ತದೆ. ಕಾಲು ಸುತ್ತಿನ ಅರ್ಧ ತಪ್ಪಿದರೂ ಶೇಕಡ ಒಂದರಷ್ಟು ವ್ಯತ್ಯಾಸ ಬರುವುದರಿಂದ ಬಾಣ ಕೊನೆಗೆ ನಿಂತ ಕೋನವನ್ನೂ ಬರೆದುಕೊಳ್ಳಬೇಕು.

ತಳ್ಳಲು ಜಾಗವಿಲ್ಲದ ಕಡೆ ಸ್ಮಿತ್ಸ್‌ನವರ ಹಳೆಯ ಸೂತ್ರ ಕೆಲಸಕ್ಕೆ ಬರುತ್ತದೆ. ಹಿಂದಿನ ಚಕ್ರಗಳು ಆರು ಸುತ್ತು ಬಂದಾಗ ತಂತಿ ಎಷ್ಟು ಸುತ್ತಿತೋ ಅದನ್ನು 1680ರಿಂದ ಗುಣಿಸಿ, ಚಕ್ರದ ನಡುವಿನಿಂದ ನೆಲಕ್ಕಿರುವ ಇಂಚುಗಳಿಂದ ಭಾಗಿಸಿದರೆ ಮೈಲಿಯ ಲೆಕ್ಕ ಸಿಗುತ್ತದೆ. ಇಲ್ಲಿ ಎರಡು ಎಚ್ಚರ ಬೇಕು. ನೆಲಕ್ಕಿರುವ ಇಂಚುಗಳನ್ನು ಅಳೆಯಬೇಕಾದ್ದು ಟೈರಿನಲ್ಲಿ ಸರಿಯಾದ ಗಾಳಿ ಇದ್ದು ಕಾರಿನ ಭಾರ ಅದರ ಮೇಲೆ ಬಿದ್ದಿರುವಾಗ. ಇನ್ನು, ಒಂದೇ ಚಕ್ರವನ್ನು ಜಾಕ್ ಮೇಲೆ ಎತ್ತಿದ್ದರೆ ಡಿಫರೆನ್ಷಿಯಲ್ ಶಾಫ್ಟಿಗೆ ಅರ್ಧ ತಿರುಗಣೆಯನ್ನಷ್ಟೇ ಕೊಡುತ್ತದೆ. ಆಗ ಆ ಚಕ್ರವನ್ನು ಹನ್ನೆರಡು ಸುತ್ತು ತಿರುಗಿಸಬೇಕು.

ತಿದ್ದುವ ಮೂರು ದಾರಿ

ಮೊದಲನೆಯದು ಪಿನಿಯನ್ ಬದಲಾಯಿಸುವುದು. ಗೇರ್‌ಬಾಕ್ಸಿನ ಹಿಂತುದಿಯಲ್ಲಿ ಕೇಬಲ್ ಕೂರುವ ಕಡೆ ಬೇರೆ ಹಲ್ಲಿನ ಸಂಖ್ಯೆಯ ಪಿನಿಯನ್ ಸಿಕ್ಕರೆ ಕೆಲಸ ಸುಲಭ. ಎರಡನೆಯದು ಕೇಬಲಿನ ದಾರಿಯಲ್ಲಿ ಬೆರಳುದ್ದದ ಒಂದು ಪುಟ್ಟ ಗೇರು ಡಬ್ಬಿ ಸೇರಿಸುವುದು. ಮೇಲಿನ ಉದಾಹರಣೆಯಲ್ಲಾದರೆ ಒಂದು ಸುತ್ತನ್ನು 1.16 ಸುತ್ತಾಗಿಸುವ ಡಬ್ಬಿ ಬೇಕು. ಹೊಸ ಪೆಟ್ಟಿಗೆ ಕೇಬಲನ್ನು ತಿರುಗುಮುರುಗಾಗಿ ಸುತ್ತಿಸುತ್ತಿದ್ದರೆ ಅದನ್ನೂ ಇಂಥ ಡಬ್ಬಿಯಿಂದ ಸರಿಪಡಿಸಬಹುದು. ಈ ಎರಡೂ ದಾರಿಯಲ್ಲಿ ಮೀಟರನ್ನು ಬಿಚ್ಚಬೇಕಿಲ್ಲ, ಮುಳ್ಳು ಮತ್ತು ಓಡೋಮೀಟರ್ ಒಟ್ಟಿಗೇ ಸರಿಯಾಗುತ್ತವೆ.

ಮೂರನೆಯದು ಮೀಟರನ್ನೇ ಬಿಚ್ಚಿ ಹೊಸ ಲೆಕ್ಕಕ್ಕೆ ಒಗ್ಗಿಸುವುದು. ಈ ಕಸುಬಿನ ನಿಜವಾದ ಪರಿಣತಿ ಇರುವುದು ಇಲ್ಲಿ. ಗಾಜಿನ ಸುತ್ತಲಿನ ಹೊಳೆಯುವ ಬಳೆಯನ್ನು ಮೆಲ್ಲಗೆ ತಿರುಗಿಸಿ, ಅದರ ಕಿವಿಗಳು ಡಬ್ಬಿಯ ಕಚ್ಚುಗಳಿಗೆ ಸರಿಯಾಗಿ ಬಂದಾಗ ಹೊರತೆಗೆಯಬೇಕು. ಸ್ಕ್ರೂಡ್ರೈವರ್ ಹಾಕಿ ಎಬ್ಬಿಸಿದರೆ ಬಳೆ ಸೊಟ್ಟಗಾಗುತ್ತದೆ. ಮುಳ್ಳನ್ನು ಒಂದೇ ಬದಿಯಿಂದ ಎತ್ತಿದರೆ ಅದರ ಕಡ್ಡಿ ಬಾಗುತ್ತದೆ. ಒಳಗಿನ ಹಳೆಯ ಎಣ್ಣೆ ಅಂಟಾಗಿ ಗಟ್ಟಿಯಾಗಿದ್ದರೆ ಮುಳ್ಳು ಜರ್ಕು ಹೊಡೆಯುತ್ತಿರುತ್ತದೆ, ಮೊದಲು ಅದನ್ನು ಸ್ವಚ್ಛ ಮಾಡಬೇಕು. ಆಮೇಲೆ ಓಡೋಮೀಟರಿನ ಸರದಿ. ಸ್ಮಿತ್ಸ್ ಮೀಟರಿನಲ್ಲಿ ಒಂದು ಸಣ್ಣ ಕೊಕ್ಕೆ ಹಲ್ಲಿನ ಚಕ್ರವನ್ನು ಒಂದೊಂದೇ ಹಲ್ಲು ಮುಂದೆ ತಳ್ಳುತ್ತದೆ. ಹೊಸ ಲೆಕ್ಕಕ್ಕೆ ಹೊಂದುವ ಹಲ್ಲುಗಳ ಚಕ್ರವನ್ನು ಹುಡುಕಿ ಕೂರಿಸಿದರೆ ದೂರದ ಎಣಿಕೆ ಸರಿಹೋಗುತ್ತದೆ. ಕೊನೆಗೆ ಮುಳ್ಳು. ಮೀಟರನ್ನು ಗೊತ್ತಾದ ವೇಗದಲ್ಲಿ ತಿರುಗಿಸುತ್ತಾ, ಆಯಸ್ಕಾಂತದ ಬಲವನ್ನು ಕಾಯಿಲಿನಿಂದ ಹೆಚ್ಚಿಸಿ ಅಥವಾ ತಗ್ಗಿಸಿ, 30, 60, 90ರ ಗೆರೆಗಳಲ್ಲಿ ಮುಳ್ಳು ಬಂದು ನಿಲ್ಲುವಂತೆ ಮಾಡುತ್ತಾರೆ. ಡಯಲಿನ ಮೇಲಿನ ಅಂಕಿಯನ್ನೂ ಹೊಸ ಲೆಕ್ಕಕ್ಕೆ ತಿದ್ದಿ ಬರೆಯುವುದು ಒಳ್ಳೆಯ ರಿಪೇರಿಯವರ ರೂಢಿ. ಮುಂದೆ ಅದನ್ನು ಬಿಚ್ಚುವವರಿಗೆ ಅದೊಂದೇ ಸುಳಿವು.

ಕೇಬಲ್ ಮರಳಿ ಹಾಕುವಾಗ ತಂತಿಗೆ ಗ್ರೀಸ್ ಸವರುತ್ತಾರೆ, ಮೀಟರಿನ ಕಡೆಯ ಒಂದು ಗೇಣನ್ನು ಮಾತ್ರ ಒಣದಾಗಿಯೇ ಬಿಡುತ್ತಾರೆ. ತಿರುಗುವ ತಂತಿ ಗ್ರೀಸನ್ನು ಮೇಲಕ್ಕೆ ಎಳೆದುಕೊಂಡು ಹೋಗಿ ಮೀಟರಿನೊಳಗೆ ತುಂಬುತ್ತದೆ ಎಂಬುದೇ ಕಾರಣ.

ಅಮೆರಿಕದ ಹಲ್ಲಿನ ಲೆಕ್ಕ

ಅಮೆರಿಕದ ಕಾರುಗಳಲ್ಲಿ ಮೈಲಿಗೆ ಸಾವಿರ ಸುತ್ತು ಎಂಬುದು ಸಾಮಾನ್ಯ ಅಳತೆಯಾದ್ದರಿಂದ ಅಲ್ಲಿ ಮೀಟರ್ ಬಿಚ್ಚುವ ಪ್ರಸಂಗ ಕಡಿಮೆ. ಜನರಲ್ ಮೋಟಾರ್ಸ್‌ನ ಹಳೆಯ ಮೂರು ಗೇರಿನ ಆಟೊಮ್ಯಾಟಿಕ್ ತೆಗೆದು, 1982ರಲ್ಲಿ ಬಂದ 700ಆರ್4 ಎಂಬ ನಾಲ್ಕು ಗೇರಿನದನ್ನು ಹಾಕುವವರು ಪಿನಿಯನ್ನಿನಲ್ಲೇ ಕೆಲಸ ಮುಗಿಸುತ್ತಾರೆ. 26 ಇಂಚಿನ ಟೈರು ಮೈಲಿಗೆ ಸುಮಾರು 776 ಸುತ್ತು ಬರುತ್ತದೆ. ಅದನ್ನು ಆಕ್ಸೆಲ್ ಅನುಪಾತ 3.08ರಿಂದ, ಶಾಫ್ಟಿನ ಗೇರಿನ 15 ಹಲ್ಲುಗಳಿಂದ ಗುಣಿಸಿ ಸಾವಿರದಿಂದ ಭಾಗಿಸಿದರೆ 36 ಹಲ್ಲಿನ ಪಿನಿಯನ್ ಬೇಕೆಂದು ತಿಳಿಯುತ್ತದೆ. ಆಕ್ಸೆಲ್ 3.73ರದಾದರೆ 43 ಹಲ್ಲು. ಪಿನಿಯನ್ ದೊಡ್ಡದಾದಾಗ ಅದು ಕೂರುವ ಹೌಸಿಂಗನ್ನೂ ಬದಲಾಯಿಸಬೇಕು. 34ರಿಂದ 39 ಹಲ್ಲಿಗೆ ಒಂದು, 40ರಿಂದ 45ಕ್ಕೆ ಇನ್ನೊಂದು.

ಜಪಾನಿನ ಮಾನಕದಲ್ಲಿ ಲೆಕ್ಕ ಕಿಲೋಮೀಟರಿಗೆ 637 ಸುತ್ತು. ಎಲೆಕ್ಟ್ರಾನಿಕ್ ಮೀಟರ್‌ಗಳಲ್ಲಿ ತಂತಿಯ ಜಾಗಕ್ಕೆ ಸೆನ್ಸರ್ ಬಂದಿದೆ, ಸುತ್ತಿನ ಜಾಗಕ್ಕೆ ಪಲ್ಸ್ ಬಂದಿದೆ. ಇಂಥ ಕೆಲವು ಮೀಟರ್‌ಗಳಲ್ಲಿ ಗುಂಡಿ ಒತ್ತಿ, ಅಳೆದಿಟ್ಟ ದೂರ ಓಡಿಸಿ, ಮತ್ತೆ ಒತ್ತಿದರೆ ಅದೇ ಲೆಕ್ಕ ಹಾಕಿಕೊಳ್ಳುತ್ತದೆ. ಸಾಧನ ಬದಲಾದರೂ ಕೇಳುವ ಪ್ರಶ್ನೆ ಹಳೆಯದೇ: ಇಷ್ಟು ದೂರಕ್ಕೆ ಎಷ್ಟು?

ನಮ್ಮ ಗಾಡಿಗಳಿಗೂ ಇದೇ ಗಣಿತ

ಅಂಬಾಸಿಡರ್‌ಗೆ 1990ರ ದಶಕದಲ್ಲಿ ಇಸುಜು ಎಂಜಿನ್ ಮತ್ತು ಐದು ಗೇರಿನ ಪೆಟ್ಟಿಗೆ ಬಂದವು. ಹಳೆಯ ಅಂಬಾಸಿಡರ್‌ಗೆ ಆ ಪೆಟ್ಟಿಗೆಯನ್ನು ಕೂರಿಸುವವರು ಎಂಜಿಬಿಯವರಂತೆಯೇ ತಂತಿಯ ಸುತ್ತು ಎಣಿಸಬೇಕು. ಕೊಡಗು, ಮಲೆನಾಡಿನ ತೋಟಗಳಲ್ಲಿ ದುಡಿಯುವ ವಿಲ್ಲೀಸ್ ಮೂಲದ ಹಳೆಯ ಜೀಪುಗಳ ಕತೆ ಸ್ವಲ್ಪ ಬೇರೆ. ಅವುಗಳಲ್ಲಿ ಕೇಬಲ್ ಹೊರಡುವುದು ಗೇರ್‌ಬಾಕ್ಸಿನಿಂದಲ್ಲ, ಅದರ ಹಿಂದಿನ ಟ್ರಾನ್ಸ್‌ಫರ್ ಕೇಸಿನಿಂದ. ಹಾಗಾಗಿ ಗೇರ್‌ಬಾಕ್ಸ್ ಒಂದನ್ನೇ ಬದಲಾಯಿಸಿದರೆ ಮೀಟರಿಗೆ ಏನೂ ಆಗದು. ದೊಡ್ಡ ಟೈರು ಹಾಕಿಸಿದರೆ ಮಾತ್ರ ಆಗುತ್ತದೆ. ಟೈರಿನ ವ್ಯಾಸ ಶೇಕಡ 10 ಹೆಚ್ಚಾದರೆ, ಮುಳ್ಳು 50 ತೋರಿಸುವಾಗ ಜೀಪು ಓಡುತ್ತಿರುವುದು 55ರಲ್ಲಿ. ಇಳಿಜಾರಿನ ತಿರುವಿನಲ್ಲಿ ಆ ಐದು ಕಿಲೋಮೀಟರಿನ ಬೆಲೆ ದೊಡ್ಡದು.

ಕಡಿಮೆ ತೋರಿಸುವ ಮೀಟರ್ ಹೆಚ್ಚು ಅಪಾಯದ್ದು ಎಂಬ ತಿಳಿವಳಿಕೆ ವಿಶ್ವಸಂಸ್ಥೆಯ 39ನೇ ವಾಹನ ನಿಯಮದಲ್ಲಿಯೂ ಇದೆ. ಅದರ ಪ್ರಕಾರ ಮೀಟರ್ ನಿಜವಾದ ವೇಗಕ್ಕಿಂತ ಕಡಿಮೆ ತೋರಿಸುವಂತಿಲ್ಲ. ಹೆಚ್ಚು ತೋರಿಸಬಹುದಾದ್ದು ನಿಜವೇಗದ ಹತ್ತನೇ ಒಂದು ಭಾಗ ಮತ್ತು ಅದರ ಮೇಲೆ 4 ಕಿಲೋಮೀಟರ್ ಮಾತ್ರ. ನಿಜವೇಗ 100 ಇದ್ದಾಗ ಮುಳ್ಳು 100 ಮತ್ತು 114ರ ನಡುವೆ ಇರಬೇಕು.

ಓಡೋಮೀಟರಿನ ವಿಷಯದಲ್ಲಿ ನಿಯಮಕ್ಕಿಂತ ಮನುಷ್ಯರ ಪ್ರಾಮಾಣಿಕತೆ ದೊಡ್ಡದು. ಅಮೆರಿಕದ ಕಾನೂನು ಓಡೋಮೀಟರ್ ರಿಪೇರಿಗೆ ಅವಕಾಶ ಕೊಡುತ್ತದೆ. ಹಳೆಯ ಅಂಕಿಯನ್ನು ಉಳಿಸಿಕೊಳ್ಳಲಾಗದಿದ್ದರೆ ಸೊನ್ನೆಗೆ ತಂದು, ಹಿಂದಿನ ಅಂಕಿ ಮತ್ತು ರಿಪೇರಿಯ ದಿನಾಂಕವನ್ನು ಎಡಬಾಗಿಲಿನ ಚೌಕಟ್ಟಿಗೆ ಅಂಟಿಸಬೇಕೆಂದು ಹೇಳುತ್ತದೆ. ನಮ್ಮಲ್ಲಿ ಹಳೆಯ ಗಾಡಿ ಸಾಕುವವರೂ ಈ ಪದ್ಧತಿಯನ್ನು ಸ್ವಂತ ಇಚ್ಛೆಯಿಂದಲೇ ಪಾಲಿಸಬಹುದು. ಗೇರ್‌ಬಾಕ್ಸ್ ಇಳಿಸುವ ಮೊದಲು ಹಳೆಯ ಪೆಟ್ಟಿಗೆ ಕೊಡುವ ಸುತ್ತನ್ನು ಎಣಿಸಿಡಿ, ಅದರ ಪಿನಿಯನ್ನಿನ ಹಲ್ಲುಗಳನ್ನೂ ಎಣಿಸಿಡಿ. ಕೆಲಸವಾದ ಮೇಲೆ ಹೆದ್ದಾರಿಯ ಕಿಲೋಮೀಟರ್ ಕಲ್ಲುಗಳ ಎದುರು ಓಡೋಮೀಟರನ್ನೂ, ನೇರ ರಸ್ತೆಯಲ್ಲಿ ಒಂದೇ ವೇಗದಲ್ಲಿ ಓಡಿಸುತ್ತಾ ಪಕ್ಕದಲ್ಲಿ ಕೂತವರ ಕೈಯಲ್ಲಿನ ಜಿಪಿಎಸ್ ಎದುರು ಮುಳ್ಳನ್ನೂ ಪರೀಕ್ಷಿಸಿ. ದಿನಾಂಕ, ಅಂಕಿ, ಹಲ್ಲು, ಟೈರಿನ ಅಳತೆ ಎಲ್ಲವನ್ನೂ ಗಾಡಿಯ ಕಾಗದಪತ್ರದ ಜೊತೆ ಇಡಿ. ಕಾರಿನ ಎಷ್ಟೋ ಭಾಗಗಳು ಕೆಟ್ಟರೆ ತಾವೇ ಸದ್ದು ಮಾಡಿ ತಿಳಿಸುತ್ತವೆ. ಸ್ಪೀಡೋಮೀಟರ್ ತಪ್ಪುವುದು ಸದ್ದಿಲ್ಲದೆ, ಅದರ ತಪ್ಪನ್ನು ಲೆಕ್ಕ ಹಾಕಿಯೇ ಹಿಡಿಯಬೇಕು. ಆ ಲೆಕ್ಕ ಹಾಕುವ ತಾಳ್ಮೆ ಇದ್ದವರ ಕಾರಿನಲ್ಲಿ ಕೂತವರು, ರಸ್ತೆಯಲ್ಲಿ ಅದರ ಎದುರು ಬರುವವರು, ಮುಂದೆ ಅದನ್ನು ಕೊಳ್ಳುವವರು, ಎಲ್ಲರೂ ಆ ಅಂಕಿಯನ್ನು ನಂಬಬಹುದು.