ನಿರ್ದೇಶಕರ ಮಂಡಳಿಯಲ್ಲಿ ಯಾರಿದ್ದಾರೆ?

2008ರ ಡಿಸೆಂಬರ್ 16. ಹೈದರಾಬಾದಿನ ಸಾಫ್ಟ್‌ವೇರ್ ಕಂಪನಿ ಸತ್ಯಂ ಕಂಪ್ಯೂಟರ್ಸ್‌ನ ನಿರ್ದೇಶಕರ ಮಂಡಳಿ ಸಭೆ ಸೇರಿತ್ತು. ಅಧ್ಯಕ್ಷ ರಾಮಲಿಂಗರಾಜು ಅವರ ಕುಟುಂಬದ ಹಿಡಿತದಲ್ಲಿದ್ದ ಎರಡು ಮೇಟಾಸ್ ಕಂಪನಿಗಳನ್ನು 160 ಕೋಟಿ ಡಾಲರ್ ಕೊಟ್ಟು ಕೊಳ್ಳುವ ಪ್ರಸ್ತಾವಕ್ಕೆ ಅಂದು ಒಪ್ಪಿಗೆ ಸಿಕ್ಕಿತು. ಹೂಡಿಕೆದಾರರು ಸಿಡಿದೆದ್ದ ಮೇಲೆ ಕೆಲವೇ ಗಂಟೆಗಳಲ್ಲಿ ಅದನ್ನು ಕೈಬಿಡಬೇಕಾಯಿತು. ಸುಮಾರು ಮೂರು ವಾರಗಳ ನಂತರ, 2009ರ ಜನವರಿ 7ರಂದು, ವರ್ಷಗಳಿಂದ ಸುಳ್ಳು ಲೆಕ್ಕ ಬರೆಸಿದ್ದನ್ನು ರಾಜು ಅವರೇ ಒಪ್ಪಿಕೊಂಡರು.

ಆ ಮಂಡಳಿಯಲ್ಲಿ ವಿದ್ವತ್ತಿಗೆ ಕೊರತೆಯಿರಲಿಲ್ಲ. ಹಾರ್ವರ್ಡ್‌ನ ಪ್ರಾಧ್ಯಾಪಕ ಕೃಷ್ಣ ಪಾಲೇಪು, ಮಾಜಿ ಸಂಪುಟ ಕಾರ್ಯದರ್ಶಿ ಟಿ.ಆರ್. ಪ್ರಸಾದ್, ಅದೇ ಊರಿನ ಇಂಡಿಯನ್ ಸ್ಕೂಲ್ ಆಫ್ ಬಿಸಿನೆಸ್‌ನ ಡೀನ್ ರಾಮಮೋಹನ ರಾವ್ ಸದಸ್ಯರಾಗಿದ್ದರು. ಮಂಗಳಂ ಶ್ರೀನಿವಾಸನ್ ಎಂಬ ಮಹಿಳೆಯೂ ಇದ್ದರು. ಆದರೂ ಆ ಪ್ರಸ್ತಾವಕ್ಕೆ ಒಪ್ಪಿಗೆ ಸಿಕ್ಕಿತ್ತು.

ಸತ್ಯಂ ಹಗರಣದ ನಂತರ ಬಂದ 2013ರ ಕಂಪನಿ ಕಾಯ್ದೆ, ಷೇರುಪೇಟೆಯಲ್ಲಿ ನೋಂದಾಯಿತವಾದ ಪ್ರತಿ ಕಂಪನಿಯ ಮಂಡಳಿಯಲ್ಲೂ ಕನಿಷ್ಠ ಒಬ್ಬ ಮಹಿಳೆ ಇರಬೇಕೆಂದಿತು. ಹಲವು ಕಂಪನಿಗಳು ಮಾಲೀಕರ ಹೆಂಡತಿಯನ್ನೋ ಮಗಳನ್ನೋ ಕೂರಿಸಿ ಕಾನೂನು ಪಾಲಿಸಿದ್ದಾಯಿತು ಎಂದವು. ಹಾಗಾಗಿ ಷೇರುಪೇಟೆಯ ನಿಯಂತ್ರಕ ಸಂಸ್ಥೆ ಸೆಬಿ ನಿಯಮವನ್ನು ಬಿಗಿಮಾಡಿತು: 2020ರ ಏಪ್ರಿಲ್‌ನಿಂದ ಮಾರುಕಟ್ಟೆ ಮೌಲ್ಯದಲ್ಲಿ ಮೊದಲ 1000 ಕಂಪನಿಗಳಲ್ಲಿ ಒಬ್ಬ ಸ್ವತಂತ್ರ, ಅಂದರೆ ಮಾಲೀಕರೊಂದಿಗೆ ನಂಟಿಲ್ಲದ, ನಿರ್ದೇಶಕಿ ಕಡ್ಡಾಯ.

ಮಹಿಳೆಯರು ಬಂದರೆ ಲಾಭ ಹೆಚ್ಚುತ್ತದೆಯೇ? ಸಂಶೋಧಕರು ಮೊದಲು ಹಿಡಿದದ್ದು ಇದೇ ಪ್ರಶ್ನೆಯನ್ನು. 2003ರಲ್ಲಿ ನಾರ್ವೆ ಶೇ. 40ರಷ್ಟು ಮೀಸಲಾತಿಯ ಕಾನೂನು ತಂದಾಗ ಕಂಪನಿಗಳ ಮೌಲ್ಯ ಕುಸಿಯಿತೆಂದು 2012ರ ಒಂದು ಅಧ್ಯಯನ ಹೇಳಿತು. ಅದಕ್ಕೆ ಗಟ್ಟಿ ಆಧಾರವಿಲ್ಲವೆಂದು ಮುಂದಿನವರು ತೋರಿಸಿದರು. 140 ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದ 2015ರ ವಿಶ್ಲೇಷಣೆಯಲ್ಲಿ ಲಾಭದೊಂದಿಗಿನ ನಂಟು ಸಣ್ಣದಾಗಿ ಕಂಡಿತು, ಷೇರು ಮೌಲ್ಯದೊಂದಿಗಿನ ನಂಟು ಇಲ್ಲವೆನ್ನುವಷ್ಟು ಕಡಿಮೆ. ಸ್ಪಷ್ಟವಾಗಿ ಕಂಡದ್ದು ಬೇರೆಯದು: ಮಹಿಳೆಯರಿರುವ ಮಂಡಳಿಗಳು ಆಡಳಿತದ ಮೇಲೆ ಹೆಚ್ಚು ನಿಗಾ ಇಡುತ್ತವೆ.

ಸಂಖ್ಯೆಯೂ ಮುಖ್ಯ. ಅಮೆರಿಕದ ನಿರ್ದೇಶಕಿಯರನ್ನು ಮಾತನಾಡಿಸಿದ ಸಂಶೋಧಕರಾದ ಕಾನ್ರಾಡ್, ಕ್ರೇಮರ್ ಮತ್ತು ಎರ್ಕುಟ್ ಕಂಡುಕೊಂಡಂತೆ, ಒಬ್ಬಳೇ ಇದ್ದರೆ ಅವಳ ಮಾತು ಹೆಂಗಸಿನ ಮಾತಾಗಿ ಕೇಳುತ್ತದೆ. ಮೂವರಾದರೆ ಅದು ನಿರ್ದೇಶಕರ ಮಾತಾಗುತ್ತದೆ.

ಭಾರತದ ಸಂಶೋಧನೆ ಇನ್ನೊಂದು ಬಾಗಿಲು ತೆರೆದಿದೆ. ಡಿ. ಅಜಿತ್, ಹಾನ್ ಡಾಂಕರ್ ಮತ್ತು ರವಿ ಸಕ್ಸೇನಾ 2012ರಲ್ಲಿ ಸಾವಿರ ದೊಡ್ಡ ಕಂಪನಿಗಳ ನಿರ್ದೇಶಕರ ಜಾತಿ ಹಿನ್ನೆಲೆಯನ್ನು ಪರಿಶೀಲಿಸಿದರು. ಶೇ. 90ಕ್ಕೂ ಹೆಚ್ಚು ಮಂದಿ ಮೇಲ್ಜಾತಿಯವರು. ಪರಿಶಿಷ್ಟ ಜಾತಿ, ಪಂಗಡಗಳ ಪಾಲು ಶೇ. 3.5 ಮಾತ್ರ. ಲಿಂಗದ ಲೆಕ್ಕವನ್ನು ಕಾನೂನು ಕೇಳುತ್ತದೆ, ಜಾತಿಯ ಲೆಕ್ಕವನ್ನು ಕೇಳುವುದಿಲ್ಲ. ಒಂದೇ ವಲಯದ, ಪರಸ್ಪರ ಪರಿಚಿತರ ಕೂಟದಲ್ಲಿ ಎದ್ದು ನಿಂತು ಪ್ರಶ್ನಿಸುವುದು ಯಾರಿಗಾದರೂ ಕಷ್ಟ.

ಷೇರು ಕೊಂಡವರಿಗೆ ಇದು ದೂರದ ವಿಷಯವಲ್ಲ. ವಾರ್ಷಿಕ ವರದಿಯಲ್ಲಿ ನಿರ್ದೇಶಕರ ಹಿನ್ನೆಲೆ, ಹಾಜರಾತಿ, ಅವರ ನಡುವಿನ ಬಂಧುತ್ವ ಎಲ್ಲವೂ ಇರುತ್ತದೆ. ಅವರ ನೇಮಕಕ್ಕೆ ಆನ್‌ಲೈನ್‌ನಲ್ಲೇ ಮತ ಹಾಕಬಹುದು. ಮುಂದಿನ ವಾರ್ಷಿಕ ಸಭೆಯ ನೋಟಿಸ್ ಬಂದಾಗ ಓದಿ ನೋಡಿ, ತಪ್ಪದೆ ಮತ ಹಾಕಿ.