ಜೊತೆಗಿರುವುದೂ ಕಲಿಯಬೇಕಾದ ವಿದ್ಯೆ

ನಮ್ಮಲ್ಲಿ ಸಾಯುವವರು ಒಂಟಿಯಲ್ಲ ಎಂಬ ನಂಬಿಕೆ ಗಟ್ಟಿಯಾಗಿದೆ. ಮನೆ ತುಂಬ ಮಕ್ಕಳು ಮೊಮ್ಮಕ್ಕಳು ಇರುತ್ತಾರೆ, ನೆಂಟರಿಷ್ಟರು ಹಣ್ಣು ಹಿಡಿದು ಬಂದು ನೋಡಿಕೊಂಡು ಹೋಗುತ್ತಾರೆ. ಆದರೆ ಆ ಹಾಸಿಗೆಯ ಸುತ್ತ ನಡೆಯುವ ಮಾತನ್ನು ಸ್ವಲ್ಪ ಗಮನಿಸಬೇಕು. ಕಾಯಿಲೆಯ ಹೆಸರು ರೋಗಿಗೆ ತಿಳಿಯುವುದು ಬೇಡ ಎಂದು ಎಷ್ಟೋ ಮನೆಯವರು ಡಾಕ್ಟರಲ್ಲಿ ಮೊದಲೇ ಕೇಳಿಕೊಂಡಿರುತ್ತಾರೆ. ರೋಗಿಗೆ ವಿಷಯ ಹೇಗೋ ಗೊತ್ತಾಗಿರುತ್ತದೆ. ಮನೆಯವರು ನೊಂದುಕೊಂಡಾರೆಂದು ಅವರೂ ಗೊತ್ತಿಲ್ಲದವರಂತೆ ಇದ್ದುಬಿಡುತ್ತಾರೆ. ‘ನಿಮಗೇನೂ ಆಗಿಲ್ಲ, ಧೈರ್ಯವಾಗಿರಿ’ ಎಂದವರ ಮುಂದೆ ಭಯ ಹೇಳಿಕೊಳ್ಳುವುದು ಹೇಗೆ? ಕೊಟ್ಟ ಸಾಲದ ಲೆಕ್ಕ ಒಪ್ಪಿಸುವುದು, ಮಾತುಬಿಟ್ಟ ತಮ್ಮನನ್ನು ಕರೆಸಿ ಎನ್ನುವುದು ಹೇಗೆ? ಅಮೆರಿಕದ ಸಮಾಜಶಾಸ್ತ್ರಜ್ಞರಾದ ಬಾರ್ನಿ ಗ್ಲೇಸರ್ ಮತ್ತು ಆನ್ಸೆಲ್ಮ್ ಸ್ಟ್ರಾಸ್ ಇಂಥದೇ ಪರಸ್ಪರ ನಟನೆಯನ್ನು ಅಲ್ಲಿನ ಆಸ್ಪತ್ರೆಗಳಲ್ಲಿ ಕಂಡು 1965ರಲ್ಲೇ ಪುಸ್ತಕ ಬರೆದಿದ್ದರು. ಸುತ್ತ ಜನ ಇದ್ದಮಾತ್ರಕ್ಕೆ ಜೊತೆ ಸಿಕ್ಕಂತಲ್ಲ. ಜೊತೆ ಕೊಡುವುದು ಚಿಕಿತ್ಸೆಯದೇ ಒಂದು ಭಾಗ. ಅದನ್ನು ಕಲಿಸಬಹುದು, ಊರವರೇ ಸೇರಿ ನಡೆಸಲೂಬಹುದು.

ಚಿಕಿತ್ಸೆಯ ಭಾಗ ಎನ್ನುವುದಕ್ಕೆ ಆಧಾರವಿದೆ. ನರ್ಸ್ ಆಗಿ, ಸಮಾಜ ಕಾರ್ಯಕರ್ತೆಯಾಗಿ ದುಡಿದು, ಆಮೇಲೆ ವೈದ್ಯೆಯಾದ ಸಿಸಿಲಿ ಸಾಂಡರ್ಸ್ 1967ರಲ್ಲಿ ಲಂಡನ್ನಿನಲ್ಲಿ ಕೊನೆಗಾಲದ ರೋಗಿಗಳ ಆರೈಕೆಗೆಂದು ಸೇಂಟ್ ಕ್ರಿಸ್ಟೋಫರ್ಸ್ ಹಾಸ್ಪಿಸ್ ತೆರೆದರು. ಕೊನೆಗಾಲದ ನೋವು ಬರೀ ಮೈಯದಲ್ಲ. ಮನಸ್ಸಿನ ಕಳವಳ, ಸಂಸಾರದ ಚಿಂತೆ, ಬದುಕಿದ್ದಕ್ಕೆ ಅರ್ಥವೇನು ಎಂಬ ತಳಮಳ ಎಲ್ಲ ಸೇರಿದ್ದು ಎಂಬುದು ಅವರ ಮುಖ್ಯ ಕಾಣ್ಕೆ. ಇವು ಒಂದನ್ನೊಂದು ಹೆಚ್ಚಿಸುತ್ತವೆ. ಮಗಳ ಮದುವೆಯ ಚಿಂತೆಯಲ್ಲಿ ನಿದ್ದೆಗೆಟ್ಟವರಿಗೆ ರಾತ್ರಿಯ ನೋವು ತಡೆಯಲಾಗುವುದಿಲ್ಲ. ಹಾಗೆಂದು ಔಷಧಿಯ ಜಾಗವನ್ನು ಸಾಂತ್ವನ ತುಂಬುತ್ತದೆ ಎಂದುಕೊಳ್ಳಬಾರದು. ಮಾರ್ಫಿನ್ ಬೇಕಾದವರಿಗೆ ಬರೀ ಒಳ್ಳೆಯ ಮಾತು ಕೊಡುವುದು ಕ್ರೌರ್ಯ. ಸಾಂಡರ್ಸ್ ಕೂಡ ನೋವು ಮರುಕಳಿಸುವವರೆಗೆ ಕಾಯದೆ ಹೊತ್ತುಹೊತ್ತಿಗೆ ಔಷಧಿ ಕೊಡಬೇಕೆಂದು ಪಟ್ಟುಹಿಡಿದವರು.

ಕಲಿಸಬಹುದು ಎಂಬುದಕ್ಕೆ ದೂರ ಹೋಗಬೇಕಿಲ್ಲ, ಪಕ್ಕದ ಕೇರಳವೇ ಸಾಕು. 1993ರಲ್ಲಿ ಕೋಯಿಕ್ಕೋಡಿನ ಮೆಡಿಕಲ್ ಕಾಲೇಜಿನಲ್ಲಿ ಡಾ. ಎಂ.ಆರ್. ರಾಜಗೋಪಾಲ್, ಡಾ. ಸುರೇಶ್ ಕುಮಾರ್ ಮೊದಲಾದವರು ಗುಣವಾಗದ ಕಾಯಿಲೆಯವರ ನೋವು ತಗ್ಗಿಸುವ ಉಪಶಮನ ಆರೈಕೆಯ ಕ್ಲಿನಿಕ್ ಆರಂಭಿಸಿದರು. ಹಾಸಿಗೆ ಹಿಡಿದವರು ಕ್ಲಿನಿಕ್ಕಿಗೆ ಬರಲಾರರು, ಡಾಕ್ಟರು ಎಲ್ಲ ಮನೆಗೂ ಹೋಗಲಾರರು ಎಂಬುದು ಬೇಗ ಅರ್ಥವಾಯಿತು. ಮುಂದಿನ ಕೆಲವು ವರ್ಷಗಳಲ್ಲಿ ಮಲಪ್ಪುರಂ ಸುತ್ತ ನೆರೆಹೊರೆಯ ಜಾಲ ಹುಟ್ಟಿತು. ವಾರಕ್ಕೆ ಎರಡು ಗಂಟೆಯಾದರೂ ಕೊಡಬಲ್ಲವರಿಗೆ 16 ಗಂಟೆಗಳ ಪಾಠ, ಜೊತೆಗೆ 4 ದಿನ ರೋಗಿಗಳ ನಡುವೆ ತರಬೇತಿ. ಕಲಿಯುವುದರಲ್ಲಿ ಮುಖ್ಯವಾದದ್ದು ಸುಮ್ಮನಿದ್ದು ಕೇಳಿಸಿಕೊಳ್ಳುವುದು. ಇಂಥವರು ಮನೆಗೆ ಹೋಗಿ ಕೂರುತ್ತಾರೆ, ಅಕ್ಕಿ ಇಲ್ಲದಿದ್ದರೆ ವ್ಯವಸ್ಥೆ ಮಾಡುತ್ತಾರೆ, ಹುಣ್ಣು ಕಂಡರೆ ನರ್ಸ್‌ಗೆ ತಿಳಿಸುತ್ತಾರೆ. ಖರ್ಚಿನ ಬಹುಪಾಲು ಊರವರು ಕೊಟ್ಟ ಸಣ್ಣಸಣ್ಣ ದೇಣಿಗೆಯಿಂದ ಬಂತು. 2008ರಲ್ಲಿ ರಾಜ್ಯ ಸರ್ಕಾರ ಇದಕ್ಕೆಂದೇ ನೀತಿ ರೂಪಿಸಿ ಪಂಚಾಯಿತಿಗಳಿಗೂ ಹೊಣೆ ಕೊಟ್ಟಿತು. ಬಡ ದೇಶಕ್ಕೆ ಇದೆಲ್ಲ ದುಬಾರಿ ಎಂಬ ವಾದಕ್ಕೆ ಇಷ್ಟು ಉತ್ತರ ಸಾಕು.

ಇನ್ನೂ ತೂಕದ ಆಕ್ಷೇಪವೊಂದಿದೆ: ಸಾವಿನ ಮಾತೆತ್ತಿದರೆ ರೋಗಿ ಕುಸಿಯುವುದಿಲ್ಲವೇ? ಅಮೆರಿಕದಲ್ಲಿ ಮುಂದುವರಿದ ಹಂತದ ಕ್ಯಾನ್ಸರ್ ಇದ್ದ 332 ಮಂದಿಯನ್ನು ಗಮನಿಸಿ 2008ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಕೊನೆಗಾಲದ ಬಗ್ಗೆ ಡಾಕ್ಟರ ಜೊತೆ ಮಾತಾಡಿದವರಲ್ಲಿ ಖಿನ್ನತೆಯಾಗಲಿ ಕಳವಳವಾಗಲಿ ಹೆಚ್ಚಿರಲಿಲ್ಲ. ವೆಂಟಿಲೇಟರ್, ಐಸಿಯು ಪಾಲಾದವರೂ ಅವರಲ್ಲಿ ಕಡಿಮೆ. ಒಂದೇ ಅಧ್ಯಯನ ಎಲ್ಲ ಸಮಾಜಗಳಿಗೂ ಹೊಂದಲಿಕ್ಕಿಲ್ಲ, ನಿಜ. ತಿಳಿಯಲು ಒಲ್ಲದವರೂ ಇರುತ್ತಾರೆ. ಅದಕ್ಕೇ ತರಬೇತಿ ಪಡೆದವರು ಸತ್ಯವನ್ನು ಹೇರುವುದಿಲ್ಲ. ‘ನಿಮಗೆ ಏನು ಗೊತ್ತಿದೆ, ಎಷ್ಟು ತಿಳಿಯಬೇಕು?’ ಎಂದು ಕೇಳಿ ರೋಗಿಯ ಉತ್ತರದಂತೆ ನಡೆಯುತ್ತಾರೆ. ಹೊರಗಿನವರಿಗೇನು ಕೆಲಸ ಎಂಬುದು ಮತ್ತೊಂದು ಪ್ರಶ್ನೆ. ಹೆಂಡತಿಯ ಮುಂದೆ ಅಳಲಾರದವರು ಪರಿಚಯವಷ್ಟೇ ಇರುವವರ ಮುಂದೆ ಅಳಬಲ್ಲರು. ಹಗಲಿರುಳು ನೋಡಿಕೊಂಡು ಬಳಲಿದ ಆ ಹೆಂಡತಿಗೂ ಎರಡು ಗಂಟೆ ಬಿಡುವು ಬೇಕು. ಜೊತೆಗಾರರ ವೇಷದಲ್ಲಿ ಧರ್ಮಬೋಧನೆಯೋ ಊರಮಾತೋ ಒಳಗೆ ಬರುವ ಅಪಾಯ ಮಾತ್ರ ನಿಜವಾದದ್ದು. ಗುಟ್ಟು ಕಾಯುವ ಕಟ್ಟುಪಾಡು, ಮೇಲ್ವಿಚಾರಣೆ, ಬೇಡ ಎನ್ನುವ ಹಕ್ಕು ಇಲ್ಲದೆ ಇಂಥ ಕೆಲಸ ಶುರುವಾಗಲೇಬಾರದು.

ಕರ್ನಾಟಕಕ್ಕೆ ಇದು ಹೊಸತಲ್ಲ. ಬೆಂಗಳೂರಿನ ಕರುಣಾಶ್ರಯ 1990ರ ದಶಕದಿಂದ ಕ್ಯಾನ್ಸರಿನ ಕೊನೆ ಹಂತದವರನ್ನು ಹಣ ಪಡೆಯದೆ ನೋಡಿಕೊಳ್ಳುತ್ತಿದೆ. ಕೊನೆಗಾಲದ ಚಿಕಿತ್ಸೆ ಕುರಿತ ಸುಪ್ರೀಂ ಕೋರ್ಟಿನ ತೀರ್ಪನ್ನು ಜಾರಿಗೆ ತರಲು ರಾಜ್ಯ ಆರೋಗ್ಯ ಇಲಾಖೆ 2025ರ ಜನವರಿಯಲ್ಲಿ ಆದೇಶವನ್ನೂ ಹೊರಡಿಸಿತು: ಗುಣವಾಗುವ ಭರವಸೆ ಇಲ್ಲದಾಗ ಜೀವರಕ್ಷಕ ಚಿಕಿತ್ಸೆ ಬೇಡ ಎಂದು ಜನ ಮೊದಲೇ ಬರೆದಿಡಬಹುದು. ಆದರೆ ನಿಮಗೆ ಏನು ಬೇಕು ಎಂದು ಯಾರೂ ಕೇಳದ ಮನೆಯಲ್ಲಿ ಆ ಕಾಗದ ಬರೆಯುವವರು ಯಾರು? ಆ ಪ್ರಶ್ನೆ ಕೇಳಬಲ್ಲವರನ್ನು ಪಂಚಾಯಿತಿಗೆ ನಾಲ್ಕಾರು ಮಂದಿಯಂತೆ ತಯಾರು ಮಾಡದಿದ್ದರೆ, ಆದೇಶ ಕೊಟ್ಟ ಹಕ್ಕು ಓದುಬರಹ ಬಲ್ಲ ನಗರದ ಕೆಲವರಿಗಷ್ಟೇ ದಕ್ಕುತ್ತದೆ.